ಬಣ್ಣ ನೋಡಬೇಡಿ, ಬಾಲ ನೋಡಿ!

ವಸ್ತುಸಂಗ್ರಹಾಲಯದ ಹಳೇ ಯುದ್ಧವಿಮಾನದ ಮುಂದೆ ನಿಂತಾಗ ನಾವು ಹೆಂಗಸರು ಮಾಡೋದೇನು ಹೇಳಿ? ಮಕ್ಕಳನ್ನು ನಿಲ್ಲಿಸಿ ಒಂದು ಫೋಟೋ, ಆಮೇಲೆ ನೆರಳು ಹುಡುಕಿ ಬುತ್ತಿ ಬಿಚ್ಚೋದು. "ಇದ್ಯಾವ ವಿಮಾನ ಅಮ್ಮಾ?" ಅಂದರೆ "ಅಪ್ಪನ್ನ ಕೇಳು" ಅಂತೀವಿ. ಅಪ್ಪನೂ ಫಲಕ ಓದಿಯೇ ಹೇಳೋದು, ಆ ಮಾತು ಬೇರೆ!

ಫಲಕ ಓದದೆಯೇ ನೀವು ಗುರುತು ಹಿಡಿಯಬಹುದಾದ ವಿಮಾನವೊಂದಿದೆ. ಅದೇ ಬಿ-24 ಲಿಬರೇಟರ್, ಎರಡನೇ ಮಹಾಯುದ್ಧದ ಅಮೆರಿಕನ್ ಬಾಂಬರ್. ತಯಾರಾದದ್ದು 18 ಸಾವಿರಕ್ಕೂ ಹೆಚ್ಚು, ಈಗ ಉಳಿದಿರೋದು ಕೆಲವೇ ಕೆಲವು.

ಮೊದಲು ಬಾಲ ನೋಡಿ. ಅಂಡಾಕಾರದ ಎರಡು ದೊಡ್ಡ ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿದ ಹಾಗಿರುತ್ತೆ. ಅದೇ ಕಾಲದ ಬಿ-17 ವಿಮಾನಕ್ಕಾದರೆ ಒಂದೇ ಎತ್ತರದ ಬಾಲ. ಬ್ರಿಟಿಷರ ಲ್ಯಾಂಕಾಸ್ಟರ್‌ಗೂ ಎರಡು ಬಾಲ, ನಾಲ್ಕು ಎಂಜಿನ್ ಉಂಟು, ಆದರೆ ಅದು ಬಾಲ ನೆಲಕ್ಕೂರಿ ಕೂತಿರುತ್ತೆ. ಲಿಬರೇಟರ್‌ಗೆ ಮೂತಿಯ ಕೆಳಗೇ ಗಾಲಿ, ಹಾಗಾಗಿ ಮೈ ಸಮವಾಗಿ ನಿಲ್ಲುತ್ತೆ. ರೆಕ್ಕೆ ಸಪೂರ, ಬೆನ್ನಿನ ಹತ್ತಿರ ಕೂತಿದೆ. ತುದಿಯಿಂದ ತುದಿಗೆ 110 ಅಡಿ!

ನನಗೆ ಬಹಳ ಹಿಡಿಸಿದ್ದು ಹೊಟ್ಟೆಯ ಬಾಗಿಲು. ಕೆಳಕ್ಕೆ ತೆರೆದುಕೊಳ್ಳೋದಿಲ್ಲ, ಅಂಗಡಿ ಶೆಟರಿನ ಹಾಗೆ ಪಕ್ಕಕ್ಕೆ ಸರಿದು ಮೇಲಕ್ಕೆ ಹೋಗುತ್ತೆ. ಬಗ್ಗಿ ನೋಡಿದರೆ ಆ ಪಟ್ಟಿಗಳು ಕಾಣುತ್ತವೆ.

ಇಷ್ಟೆಲ್ಲ ಯಾಕೆ ಅಂದಿರಾ? ಇದಕ್ಕೂ ನಮ್ಮ ಬೆಂಗಳೂರಿಗೂ ನಂಟಿದೆ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಇಂಥ ಹಲವಾರು ವಿಮಾನಗಳನ್ನು ಬಿಟ್ಟುಹೋದರು. ಸುಮ್ಮನೆ ಬಿಡಲಿಲ್ಲ, ಬೇರೆಯವರಿಗೆ ಉಪಯೋಗಕ್ಕೆ ಬಾರದಿರಲೆಂದು ಹಾಳುಗೆಡವಿ ಬಿಟ್ಟರು. ನಮ್ಮ ವಾಯುಪಡೆಗೋ ಆಗ ದೊಡ್ಡ ಬಾಂಬರ್ ಒಂದೂ ಇರಲಿಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಶುರುಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧದ ವರ್ಷಗಳಲ್ಲಿ ಅಮೆರಿಕದ ವಿಮಾನಗಳನ್ನು ರಿಪೇರಿ ಮಾಡಿತ್ತು, ಕೈ ಪಳಗಿತ್ತು. ಕಾರ್ಖಾನೆಯ ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಷಿ ಆ ಮುರುಕು ವಿಮಾನಗಳನ್ನು ಹೇಗೋ ಹಾರುವಂತೆ ಮಾಡಿಸಿಕೊಂಡು ಒಂದೊಂದಾಗಿ ಬೆಂಗಳೂರಿಗೆ ತಂದರು. ಎಂಥ ಎದೆಗಾರಿಕೆ ನೋಡಿ! ಇಲ್ಲಿ ಪೂರ್ತಿ ದುರಸ್ತಿಯಾದ ವಿಮಾನಗಳಿಂದಲೇ 1948ರ ನವೆಂಬರಿನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಹುಟ್ಟಿತು. 1968ರವರೆಗೂ ಅವು ದುಡಿದವು.

ಬೇರೆ ದೇಶಗಳಲ್ಲಿ ಇವನ್ನೆಲ್ಲ ಎಂದೋ ಗುಜರಿಗೆ ಹಾಕಿಬಿಟ್ಟಿದ್ದರು. ಆಮೇಲೆ ಸಂಗ್ರಹಾಲಯಕ್ಕೆ ಬೇಕೆನಿಸಿದಾಗ ನಮ್ಮಲ್ಲಿಗೇ ಬಂದು ಕೇಳಬೇಕಾಯಿತು. ಕೆನಡಾದ ಆಟವಾಕ್ಕೊಂದು, ಅಮೆರಿಕದ ಅರಿಜೋನಾದ ಪಿಮಾ ಸಂಗ್ರಹಾಲಯಕ್ಕೊಂದು ಹೋಯಿತು. 1974ರಲ್ಲಿ ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಮ್ಮಿಗೂ ಒಂದನ್ನು ಉಡುಗೊರೆ ಕೊಟ್ಟೆವು. ದೆಹಲಿಯ ಪಾಲಂ ಸಂಗ್ರಹಾಲಯಕ್ಕೆ ಒಂದನ್ನು ಇಟ್ಟುಕೊಂಡೆವು.

ಪಿಮಾದಲ್ಲಿರೋದಕ್ಕೆ ಅಮೆರಿಕನ್ ಬಣ್ಣವನ್ನೇ ಬಳಿದಿದ್ದಾರೆ. ನೋಡಿದವರು ಅದು ಅಲ್ಲೇ ಇದ್ದದ್ದು ಅಂದುಕೊಳ್ಳಬೇಕು! ಮಗನ ಮನೆಗೋ ಮಗಳ ಬಾಣಂತನಕ್ಕೋ ಆ ಕಡೆ ಹೋದವರು ಒಮ್ಮೆ ನೋಡಿ ಬನ್ನಿ. ಮೊಮ್ಮಗು "ಇದ್ಯಾವ ವಿಮಾನ ಅಜ್ಜೀ?" ಅಂದರೆ ಹೆಸರು ಹೇಳಿ, ಬೆಂಗಳೂರಲ್ಲಿ ರಿಪೇರಿ ಆದದ್ದು ಅಂತಲೂ ಸೇರಿಸಿ.