ಅಪ್ಪನ ಯೆಜ್ದಿ ಮಾರಾಟಕ್ಕಿದೆ

ಹಿತ್ತಲಿನ ಶೆಡ್ಡಿನಲ್ಲಿ ಗೋಣಿಚೀಲ ಹೊದ್ದು ನಿಂತಿದೆ ಯೆಜ್ದಿ. ಟೈರುಗಳಲ್ಲಿ ಗಾಳಿಯಿಲ್ಲ, ಟ್ಯಾಂಕಿನೊಳಗೆ ತುಕ್ಕು. ಓಡಿಸುತ್ತಿದ್ದ ಅಪ್ಪ ತೀರಿಕೊಂಡು ವರ್ಷಗಳಾಗಿವೆ, ಮಕ್ಕಳು ಬೆಂಗಳೂರಿನ ಫ್ಲ್ಯಾಟಿನಲ್ಲಿದ್ದಾರೆ. ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾನೆ. ಅದೇ ಗಾಡಿಗಾಗಿ ಹಂಬಲಿಸುವವರು ಊರೂರಿನಲ್ಲಿ ಇದ್ದಾರೆ ಎಂಬುದು ಮನೆಯವರಿಗೆ ಗೊತ್ತೇ ಇರುವುದಿಲ್ಲ.

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಮೊದಲು ಜಾವಾ, 1973ರಿಂದ ಯೆಜ್ದಿ ಎಂಬ ಹೆಸರಿನಲ್ಲಿ ಅಲ್ಲಿಂದ ಹೊರಬಂದ ಬೈಕುಗಳಿಗೆ ಇಂದಿಗೂ ಅಭಿಮಾನಿಗಳ ದಂಡೇ ಇದೆ. ಜಾವಾ 2018ರಲ್ಲಿ, ಯೆಜ್ದಿ 2022ರಲ್ಲಿ ಹೊಸ ರೂಪದಲ್ಲಿ ಮಾರುಕಟ್ಟೆಗೆ ಮರಳಿದರೂ ಹಳೆಯದರ ಮೋಹ ತಗ್ಗಿಲ್ಲ. ಹಾಗಾದರೆ ಕೊಳ್ಳುವವನನ್ನು ಹುಡುಕುವುದು ಹೇಗೆ? ಮೊಬೈಲಿನಲ್ಲಿ ಜಾಹೀರಾತು ಹಾಕಿದರೆ ಸಾಕು. ಆದರೆ ಅದನ್ನು ಬರೆಯುವುದಕ್ಕೂ ಒಂದು ಕ್ರಮವಿದೆ.

ಮೂರು ಸಾಲಿನ ಚಾಳಿ

ಪತ್ರಿಕೆಗಳ ವರ್ಗೀಕೃತ ಕಾಲಮಿನಲ್ಲಿ ಪದಕ್ಕಿಷ್ಟು ಎಂದು ದುಡ್ಡು ತೆರಬೇಕಿತ್ತು. ಅಂತರ್ಜಾಲದಲ್ಲಿ ಆ ಕಟ್ಟಿಲ್ಲ. ಆದರೂ ಬಹಳ ಮಂದಿ ‘ಸೂಪರ್ ಕಂಡೀಷನ್, ತುರ್ತು ಮಾರಾಟ’ ಎಂದಷ್ಟೇ ಬರೆದು ಕೈ ತೊಳೆದುಕೊಳ್ಳುತ್ತಾರೆ. ‘ತುರ್ತು’ ಎಂದ ತಕ್ಷಣ ಕೊಳ್ಳುವವನು ಅರ್ಧ ಬೆಲೆಗೆ ಕೇಳುತ್ತಾನೆ. ‘ಸೂಪರ್’ ಎಂಬುದನ್ನು ಯಾರೂ ನಂಬುವುದಿಲ್ಲ.

ಹಳೆ ಗಾಡಿ ಕೊಳ್ಳುವವನಿಗೆ ಬೇಕಾದುದು ವಿವರ. ಜಾವಾನೋ, ಯೆಜ್ದಿಯೋ? ರೋಡ್‌ಕಿಂಗ್ ಮಾದರಿಯೋ, ಎರಡು ಸಿಲಿಂಡರಿನ 350 ಸಿಸಿಯದೋ? ಯಾವ ವರ್ಷದ್ದು? ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳು ಆರ್‌ಸಿ ಪುಸ್ತಕದೊಂದಿಗೆ ತಾಳೆಯಾಗುತ್ತವೆಯೇ? ಹೆಡ್‌ಲೈಟು, ಸೈಲೆನ್ಸರು, ಕಾರ್ಬ್ಯುರೇಟರು ಮೂಲದವೇ, ಬದಲಿಸಿದವೇ? ಇಂಥ ಗಾಡಿಗಳಲ್ಲಿ ಮೂಲ ಬಿಡಿಭಾಗಗಳಿಗೇ ಬೆಲೆ. ಆದ್ದರಿಂದ ಮಾರುವ ಮುನ್ನ ಹೊಸ ಬಣ್ಣ ಬಳಿಸಲು ಆತುರಪಡಬೇಡಿ. ತೊಳೆದು ಒರೆಸಿದರೆ ಸಾಕು. ಮಾಸಿದ ಮೂಲ ಬಣ್ಣವನ್ನೇ ಹುಡುಕಿಕೊಂಡು ಬರುವವರಿದ್ದಾರೆ.

ಕುಂದು ಮುಚ್ಚಿಡಬೇಡಿ

ಹೆತ್ತವರಿಗೆ ಹೆಗ್ಗಣ ಮುದ್ದು. ಕೊಳ್ಳುವವನಿಗೆ ಮಾತ್ರ ಹೆಗ್ಗಣ ಹೆಗ್ಗಣವಾಗಿಯೇ ಕಾಣುತ್ತದೆ! ಒಂದು ಮಾದರಿ ನೋಡಿ: ‘1986ರ ಯೆಜ್ದಿ ರೋಡ್‌ಕಿಂಗ್. ಒಬ್ಬರೇ ಮಾಲೀಕರು. ಆರು ವರ್ಷದಿಂದ ಓಡಿಸಿಲ್ಲ. ಎಂಜಿನ್ ಜಾಮ್ ಆಗಿಲ್ಲ, ಕಿಕ್ಕರ್ ಇಳಿಯುತ್ತದೆ. ಟ್ಯಾಂಕಿನಲ್ಲಿ ತುಕ್ಕಿದೆ. ಎಡಗಡೆಯ ಸೈಲೆನ್ಸರು ಬದಲಿಸಿದ್ದು. ಆರ್‌ಸಿ ನವೀಕರಿಸಬೇಕು.’ ಇಷ್ಟು ಓದಿದವನು ನೂರಾರು ಕಿಲೋಮೀಟರು ದೂರದಿಂದಲೂ ನೆಚ್ಚಿ ಬರುತ್ತಾನೆ. ಬಂದ ಮೇಲೆ ‘ಇದನ್ನು ಹೇಳಲೇ ಇಲ್ಲವಲ್ಲ’ ಎಂದು ಚೌಕಾಸಿಗಿಳಿಯುವ ಪ್ರಮೇಯವೂ ಇರುವುದಿಲ್ಲ.

ಚಿತ್ರಗಳನ್ನು ಬೆಳಗಿನ ಬಿಸಿಲಿನಲ್ಲಿ, ಬಯಲಿನಲ್ಲಿ ತೆಗೆಯಿರಿ. ನಾಲ್ಕೂ ದಿಕ್ಕು, ಎಂಜಿನ್, ಮೀಟರು, ಜೊತೆಗೆ ತುಕ್ಕು ಹಿಡಿದ ಜಾಗವೂ ಇರಲಿ. ಗಾಡಿ ಓಡುವಂತಿದ್ದರೆ ತಣ್ಣಗಿರುವ ಎಂಜಿನ್ನನ್ನು ಕಿಕ್ ಹೊಡೆದು ಚಾಲೂ ಮಾಡುವ ವಿಡಿಯೊ ಹಾಕಿ. ಪೆಟ್ರೋಲಿನೊಂದಿಗೆ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಗಾಡಿಯಲ್ಲಿ ಸ್ವಲ್ಪ ಹೊಗೆ ಸಹಜ. ಬಿಸಿಯಾದ ಮೇಲೂ ದಟ್ಟ ಹೊಗೆ ನಿಲ್ಲದಿದ್ದರೆ ಆಯಿಲ್ ಸೀಲ್ ಹೋಗಿರಬಹುದು. ಬಲ್ಲವನು ವಿಡಿಯೊ ನೋಡಿಯೇ ಇದನ್ನು ಅಂದಾಜು ಮಾಡುತ್ತಾನೆ.

ಕಾಗದವೇ ಪ್ರಾಣ

ಗಾಡಿ ಇನ್ನೂ ಅಪ್ಪನ ಹೆಸರಿನಲ್ಲೇ ಇದೆಯೇ? ಹಾಗಿದ್ದರೆ ವಾರಸುದಾರರು ಮೊದಲು ನಮೂನೆ 31ರಲ್ಲಿ ಆರ್‌ಟಿಒಗೆ ಅರ್ಜಿ ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ನಂತರ ಮಾರುವಾಗ ನಮೂನೆ 29 ಮತ್ತು 30. ಖಾಸಗಿ ಗಾಡಿಯ ನೋಂದಣಿಗೆ ಮೊದಲು 15 ವರ್ಷದ ಅವಧಿ, ಅನಂತರ ಐದೈದು ವರ್ಷಕ್ಕೊಮ್ಮೆ ನವೀಕರಣ. ಇದರಲ್ಲಿ ಏನು ಬಾಕಿಯಿದೆ ಎಂಬುದನ್ನು ಜಾಹೀರಾತಿನಲ್ಲೇ ತಿಳಿಸಿಬಿಡಿ. 50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗಳಿಗೆ 2021ರ ನಿಯಮದಂತೆ ‘ವಿಂಟೇಜ್’ ನೋಂದಣಿಗೆ ಅವಕಾಶವಿದೆ. ಆದರೆ ಅಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ದುಡ್ಡು ಎಣಿಸಿಕೊಂಡು ‘ಹೆಸರು ನೀವೇ ಬದಲಾಯಿಸಿಕೊಳ್ಳಿ’ ಎಂದು ಕೀ ಕೊಟ್ಟು ಕಳಿಸುವವರು ಒಂದು ಮಾತು ನೆನಪಿಡಬೇಕು. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ, ಅಪಘಾತದ ಪರಿಹಾರದ ಹೊಣೆಯ ಮಟ್ಟಿಗೆ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ವಿಮೆಯಿಲ್ಲದ ಗಾಡಿ ಯಾರಿಗಾದರೂ ಗುದ್ದಿದರೆ, ಮಾರಿ ಬಂದ ದುಡ್ಡಿನ ಹತ್ತು ಪಟ್ಟನ್ನು ತೆರಬೇಕಾದೀತು.

ಮೋಸಗಾರರ ಬಗೆಗೂ ಎಚ್ಚರವಿರಲಿ. ಗಾಡಿ ನೋಡದೆಯೇ ಕೇಳಿದ ಬೆಲೆಗೆ ಒಪ್ಪಿ, ‘ಮುಂಗಡ ಕಳಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ’ ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಹಣ ಪಡೆಯಲು ಸ್ಕ್ಯಾನೂ ಬೇಡ, ಯುಪಿಐ ಪಿನ್ನೂ ಬೇಡ. ಆರ್‌ಸಿಯ ಪೂರ್ತಿ ಚಿತ್ರವನ್ನು ಜಾಲದಲ್ಲಿ ಹಾಕದೆ, ಮನೆಗೆ ಬಂದವರಿಗೆ ತೋರಿಸಿ.

ಕೊನೆಗೊಂದು ಮಾತು. ಅಪ್ಪ ಆ ಗಾಡಿಯನ್ನು ಎಲ್ಲಿ ಕೊಂಡರು, ಎಲ್ಲೆಲ್ಲಿಗೆ ಓಡಿಸಿದರು ಎಂದು ಜಾಹೀರಾತಿನಲ್ಲಿ ಎರಡು ಸಾಲು ಸೇರಿಸಿ. ಬೆಲೆ ಅದರಿಂದ ಹೆಚ್ಚದಿರಬಹುದು. ಆದರೆ ಅದನ್ನು ಓದಿ ಬಂದವನು ಗಾಡಿಯನ್ನು ಬಿಚ್ಚಿ ಮಾರುವವನಾಗಿರದೆ ಓಡಿಸುವವನೇ ಆಗಿರುವ ಸಂಭವ ಹೆಚ್ಚು. ಆ ಸದ್ದು ಇನ್ನೊಂದು ಬೀದಿಯಲ್ಲಿ ಮತ್ತೆ ಕೇಳಿಸೀತು.