ಮೀಸೆ ಹೊತ್ತ ಮಹಾಶಿರ

ಮೃಗಶಿರೆಯ ಮಳೆ ಹಿಡಿದು ಆರಿದ್ರೆಯೂ ಕೂಡಿಕೊಂಡಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹೊಳೆಗಳ ಸ್ವರವೇ ಬದಲಾಗುತ್ತದೆ. ಬೇಸಗೆಯಲ್ಲಿ ಬಂಡೆಗಳ ನಡುವೆ ಮಡುಗಟ್ಟಿದ್ದ ನೀರು ಕೆಂಪೇರಿ ಉಕ್ಕುತ್ತದೆ. ಆ ಹೊಸ ನೀರಿನ ಸೆಳವಿಗೆ ಎದುರಾಗಿ ಮೀನುಗಳು ಮೇಲೇರತೊಡಗುತ್ತವೆ. ಮಲೆನಾಡಿಗರು ಇವನ್ನು ‘ಹತ್ತುಮೀನು’ ಎನ್ನುವರು. ಘಟ್ಟದ ಹೊಳೆಗಳಲ್ಲಿ ಹೀಗೆ ಏರುವ ಮೀನುಗಳ ಅರಸನೆಂದರೆ ಮಹಸೀರ್. ಸಿದ್ದಾಪುರದ ಸೀಮೆಯ ಶರಾವತಿಯಲ್ಲಿಯೂ ಯಲ್ಲಾಪುರದ ಸೀಮೆಯ ಕಾಳಿಯಲ್ಲಿಯೂ ಅದರ ನೆಲೆಯುಂಟು.

ಈ ಹೆಸರನ್ನು ‘ಮಹಾಶಿರ’ ಎಂದು ಬಿಡಿಸುವವರಿದ್ದಾರೆ. ತಲೆ ದೊಡ್ಡದೆಂಬುದು ನಿಜವೇ. ಆದರೆ ಶಾಸ್ತ್ರಜ್ಞರ ಹೆಸರಿನಲ್ಲಿ ಮೊದಲು ನಿಂತುದು ಮೀಸೆ. 1839ರಲ್ಲಿ ಕರ್ನಲ್ ಸೈಕ್ಸ್ ಪುಣೆಯ ಬಳಿಯ ಮೀನನ್ನು ವರ್ಣಿಸಿ ‘ಬಾರ್ಬಸ್ ಖುದ್ರೀ’ ಎಂದು ಕರೆದನು. ಲ್ಯಾಟಿನಿನಲ್ಲಿ ಬಾರ್ಬಾ ಎಂದರೆ ಗಡ್ಡ. ಇಂದು ಅದರ ಶಾಸ್ತ್ರನಾಮ ‘ಟಾರ್ ಖುದ್ರೀ’. ಬಾಯಿಯ ಬಳಿ ಎರಡು ಜೊತೆ ಮೀಸೆ. ತಳದ ಕಲ್ಲುಗಳ ನಡುವೆ ಆಹಾರವನ್ನು ಮುಟ್ಟಿ, ರುಚಿ ನೋಡಿ ಅರಿಯುವುದು ಇವುಗಳಿಂದಲೇ. ಹಲ್ಲುಗಳಿರುವುದು ಬಾಯಲ್ಲಲ್ಲ, ಗಂಟಲಲ್ಲಿ! ಹುಳು, ಚಿಪ್ಪಿನ ಜೀವಿ, ಕಿರುಮೀನುಗಳ ಜೊತೆಗೆ ದಡದ ಮರಗಳಿಂದುದುರಿದ ಹಣ್ಣೂ ಅದಕ್ಕೆ ಆಹಾರ. ದಡದ ಕಾಡು ಕಡಿದರೆ ಹೊಳೆಯ ಮೀನೂ ಹಸಿಯುವುದು.

ಮಹಸೀರ್ ಗೂಡು ಕಟ್ಟದು, ಮರಿಗಳನ್ನು ಕಾಯದು. ಮೇಲ್ಹೊಳೆಯ ತಿಳಿನೀರಿನಲ್ಲಿ, ನುಣುಪುಗಲ್ಲುಗಳ ಮೇಲೆ ಮೊಟ್ಟೆಯಿಟ್ಟು ಹೊರಟುಬಿಡುತ್ತದೆ. ಕಲ್ಲುಗಳ ಸಂದಿನಲ್ಲಿ ಹರಿಯುವ ನೀರೇ ಅವುಗಳ ದಾದಿ. ಹೂಳು ಕವಿದರೆ ಮೊಟ್ಟೆ ಉಸಿರುಗಟ್ಟಿ ಸಾಯುವುದು.

ಶೃಂಗೇರಿಯ ತುಂಗೆಯಲ್ಲಿ, ಬೆಳ್ತಂಗಡಿ ತಾಲೂಕಿನ ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿಗೆ ಅಕ್ಕಿ, ಹುರಿಗಡಲೆ ಹಾಕಿ ಕೈಮುಗಿಯುವುದನ್ನು ಓದುಗರು ಕಂಡಿರಬಹುದು. ಆ ಭಕ್ತಿ ಮೀನುಗಳನ್ನು ಬಲೆಯಿಂದ ಉಳಿಸಿತು. ಆದರೆ 1996ರಲ್ಲಿ ಶಿಶಿಲದ ಹೊಳೆಗೆ ದುಷ್ಕರ್ಮಿಗಳು ವಿಷ ಹಾಕಿದಾಗ ಸಾವಿರಾರು ಮೀನುಗಳು ಸತ್ತವು. ಮಡುವಿಗೆ ಬೇಲಿಯಿರಬಹುದು, ನೀರಿಗೆಲ್ಲಿಯ ಬೇಲಿ?

ಮರಿಗಳನ್ನು ಸಾಕಿ ಹೊಳೆಗೆ ಬಿಟ್ಟರಾಯಿತಲ್ಲ ಎನ್ನುವಿರಾ? ಲೋಣಾವಳಾದಲ್ಲಿ ಹೀಗೆ ಬೆಳೆಸಿದ ಖುದ್ರೀ ಮರಿಗಳನ್ನು ಕಾವೇರಿಗೂ ಬಿಟ್ಟರು. ಅವು ಅಲ್ಲಿ ಹೆಚ್ಚಿದವು. ಆದರೆ ಕಾವೇರಿಯದೇ ಆದ ಗೂನುಬೆನ್ನಿನ ಮಹಸೀರ್ ಕ್ಷೀಣಿಸಿ, 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಪಟ್ಟಿ ಸೇರಿತು. ಒಂದು ಹೊಳೆಯ ಮೀನು ಇನ್ನೊಂದು ಹೊಳೆಯಲ್ಲಿ ಪರದೇಶಿಯೇ.

ಮೀನಿಗೆ ಬೇಕಾದುದು ಮಡುವಲ್ಲ, ದಾರಿ. 1964ರ ಲಿಂಗನಮಕ್ಕಿ ಕಟ್ಟೆಯಿಂದ ಶರಾವತಿಯ ದಾರಿ ಮುಚ್ಚಿತು. ಸೂಪಾ, ಕೊಡಸಳ್ಳಿ, ಕದ್ರಾ ಕಟ್ಟೆಗಳು ಕಾಳಿಯನ್ನು ತುಂಡರಿಸಿದವು. ಅವುಗಳಿಂದ ನಮ್ಮ ಮನೆಗಳಲ್ಲಿ ದೀಪ ಉರಿಯುತ್ತಿದೆಯೆಂಬುದನ್ನು ಮರೆಯಲಾಗದು. ಆದರೆ ಶಿರಸಿಯಲ್ಲಿ ಹುಟ್ಟಿ, ಸಿದ್ದಾಪುರದ ಉಂಚಳ್ಳಿಯಲ್ಲಿ 116 ಮೀಟರು ಧುಮುಕಿ ಕಡಲು ಸೇರುವ ಅಘನಾಶಿನಿಗೆ ಇಂದಿಗೂ ದೊಡ್ಡ ಅಣೆಕಟ್ಟೆಯಿಲ್ಲ. ಮಳೆಗಾಲದ ಹತ್ತುಮೀನಿಗೆ ಅಲ್ಲಿ ಎದುರಾಗುವುದು ನಿಸರ್ಗವೇ ಇಟ್ಟ ಬಂಡೆ, ಜಲಪಾತಗಳು ಮಾತ್ರ. ಆ ಒಂದು ಹೊಳೆಯನ್ನಾದರೂ ಹಾಗೆಯೇ ಹರಿಯಗೊಟ್ಟರೆ, ಮೀನಿಗೆ ನಾವು ಬೇರೆ ಯಾವ ಉಪಕಾರವನ್ನೂ ಮಾಡಬೇಕಾಗಿಲ್ಲ.