‘ಮಜಾ ಟಾಕೀಸ್’ ರಾಣಿ ಕೊಡಗಿನವರೇ?

ಪ್ರಶ್ನೆ: ‘ಮಜಾ ಟಾಕೀಸ್’ ಹಾಸ್ಯ ಕಾರ್ಯಕ್ರಮದಲ್ಲಿ ರಾಣಿಯಾಗಿದ್ದ ಶ್ವೇತಾ ಚಂಗಪ್ಪ ನಮ್ಮ ಕೊಡಗಿನವರಂತೆ, ಹೌದೇ? ಅವರು ಹಾಸ್ಯಕ್ಕಷ್ಟೇ ಸೀಮಿತವೇ?

ಉತ್ತರ: ಹೌದು, ಕೊಡಗಿನ ಮೂಲದವರೇ. ಆದರೆ ಹಾಸ್ಯ ಬಂದದ್ದು ತಡವಾಗಿ. ಮೊದಲು ಸಿಕ್ಕಿದ್ದು ಕಣ್ಣೀರಿನ ಪಾತ್ರಗಳು. ಎಸ್. ನಾರಾಯಣ್ ಅವರ ‘ಸುಮತಿ’ ಧಾರಾವಾಹಿಯಿಂದ ಕಿರುತೆರೆಗೆ ಬಂದರು. ಉದಯ ಟಿವಿಯ ‘ಕಾದಂಬರಿ’ಯ ಶೀರ್ಷಿಕೆ ಪಾತ್ರ ಅವರನ್ನು ಮನೆಮಾತಾಗಿಸಿತು. 2006ರ ‘ತಂಗಿಗಾಗಿ’ ಚಿತ್ರದಲ್ಲಿ ದರ್ಶನ್‌ಗೆ ತಂಗಿಯಾದರು.

2014ರಲ್ಲಿ ‘ಬಿಗ್ ಬಾಸ್ ಕನ್ನಡ’ದ ಎರಡನೇ ಆವೃತ್ತಿಗೆ ಹೋದರು. ಮರುವರ್ಷ ಶುರುವಾದ ‘ಮಜಾ ಟಾಕೀಸ್’ ಅವರ ವರಸೆಯನ್ನೇ ಬದಲಿಸಿತು. ಅಲ್ಲಿ ಸೆಟ್ಟೇ ಒಂದು ಮನೆ. ಸಿನಿಮಾ ತಾರೆಯರು ಆ ಮನೆಗೆ ಬರುವ ನೆಂಟರು. ಗಂಡನ ಪಾತ್ರದ ಸೃಜನ್ ಲೋಕೇಶ್ ಕಾಲೆಳೆದರೆ ರಾಣಿ ಸುಮ್ಮನಿರುವವಳಲ್ಲ, ತಕ್ಷಣ ತಿರುಗೇಟು. ಒಂದು ಕಡೆ ಅಪರ್ಣಾ ಅವರ ವರಲಕ್ಷ್ಮಿ, ಇನ್ನೊಂದು ಕಡೆ ಕುರಿ ಪ್ರತಾಪ್. ಇಷ್ಟು ಮಾತಿನ ಮಲ್ಲರ ನಡುವೆ ಸಮಯ ನೋಡಿ ಮಾತು ಬಿಡುವುದು ಸುಲಭವಲ್ಲ. ಅಳುವ ಪಾತ್ರಕ್ಕಿಂತ ಕಷ್ಟದ ಕೆಲಸ.

ನಿರೂಪಣೆಯಲ್ಲೂ ಪಳಗಿದವರು. 2022ರ ಡಿಸೆಂಬರಿನಲ್ಲಿ ತೆರೆಕಂಡ ಶಿವರಾಜ್‌ಕುಮಾರ್ ಅವರ 125ನೇ ಚಿತ್ರ ‘ವೇದ’ದಲ್ಲಿ ಗಂಭೀರ ಪಾತ್ರಕ್ಕೆ ಮರಳಿದರು. ಹಾಸ್ಯಕ್ಕೆ ಸೀಮಿತ ಅನ್ನುವ ಹಾಗೇ ಇಲ್ಲ.